ಹತ್ತಿಗೆ ಯಾವ ಹುಳು ಬಿದ್ದಿದೆ? ಗುರುತು ನೋಡಿ ಕಾರಣ ಹಿಡಿಯುವ ಕೈಪಿಡಿ

ಹತ್ತಿ ಗಿಡ ಸೊರಗಿದ್ದು ಕಂಡ ಕೂಡಲೇ ಪಂಪು ಹೆಗಲಿಗೇರಿಸುವುದು ಬಹಳ ಜನರ ರೂಢಿ. ಅದನ್ನು ಒಂದರ್ಧ ದಿನ ತಡೆಯಿರಿ ಎಂದು ಕೇಳಿಕೊಳ್ಳುವುದೇ ಈ ಬರಹದ ಉದ್ದೇಶ. ಎಲೆ ಕೆಂಪಾಗಲು ನಾಲ್ಕೈದು ಕಾರಣ ಇರುತ್ತವೆ. ಮೊಗ್ಗು ಉದುರಲೂ ಅಷ್ಟೇ. ಅದರಲ್ಲಿ ಅರ್ಧ ಕಾರಣಗಳಿಗೆ ಕೀಟನಾಶಕ ಬೇಕಾಗುವುದೇ ಇಲ್ಲ. ಬೇಕಾದ ಕಡೆಯೂ ಜಿಗಿಹುಳುವಿಗೆ ಹೊಡೆಯುವ ಔಷಧಿ ಕಾಯಿಕೊರಕಕ್ಕೆ ನಾಟುವುದಿಲ್ಲ. ಹಾಗಾಗಿ ಮೊದಲು ಕಾರಣ, ಆಮೇಲೆ ಔಷಧಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಭೂತಗನ್ನಡಿ, ಒಂದು ಚಾಕು, ಒಂದು ಬಿಳಿ ತಟ್ಟೆ ಅಥವಾ ಬಿಳಿ ಬಟ್ಟೆ, ಬರೆದುಕೊಳ್ಳಲು ಒಂದು ಪುಸ್ತಕ.

ನೋಡುವ ಕ್ರಮ

ಹೊಲದ ಅಂಚಿನಲ್ಲಿ ನಿಂತು ತೀರ್ಮಾನ ಮಾಡಬೇಡಿ. ಅಂಚಿನ ಗಿಡಗಳಿಗೆ ಧೂಳು, ಪಕ್ಕದ ಬೆಳೆಯಿಂದ ಬಂದ ಕೀಟ ಎಲ್ಲ ಜಾಸ್ತಿ. ನಾಲ್ಕೈದು ಸಾಲು ಒಳಗೆ ಹೋಗಿ, ಅಂಕುಡೊಂಕಾಗಿ ನಡೆಯುತ್ತಾ 20 ಗಿಡ ಆರಿಸಿ. ಪ್ರತಿ ಗಿಡದಲ್ಲಿ ಮೇಲಿನದು, ನಡುವಿನದು, ಕೆಳಗಿನದು ಅಂತ ಮೂರು ಎಲೆ ತಿರುಗಿಸಿ ನೋಡಿ. ಸಿಕ್ಕ ಹುಳುಗಳನ್ನು ಎಣಿಸಿ, ಒಟ್ಟು ಎಲೆಗಳಿಂದ ಭಾಗಿಸಿ. ವಾರಕ್ಕೊಮ್ಮೆ, ಬಿಸಿಲು ಏರುವ ಮುಂಚೆ ಮಾಡಿದರೆ ಒಳ್ಳೆಯದು. ಬಿಸಿಲೇರಿದರೆ ಬಿಳಿನೊಣ, ಜಿಗಿಹುಳು ಕೈ ತಾಗುವ ಮೊದಲೇ ಹಾರಿಬಿಡುತ್ತವೆ.

ಈ ಲೆಕ್ಕ ಏಕೆ ಅಂದರೆ, ಹೊಲದಲ್ಲಿ ಹುಳು ಇರುವುದೇ ಬೇರೆ, ನಷ್ಟ ಮಾಡುವಷ್ಟು ಇರುವುದೇ ಬೇರೆ. ಗಿಡದ ರಸ ಹೀರುವ ಸಸ್ಯಹೇನು ಸ್ವಲ್ಪ ಇದ್ದರೆ ಅದನ್ನು ತಿನ್ನುವ ಗುಲಗಂಜಿ ಹುಳು ಬಂದು ನೆಲೆ ನಿಲ್ಲುತ್ತದೆ. ಆ ಹೇನನ್ನೂ ಕೊಂದುಬಿಟ್ಟರೆ ಗುಲಗಂಜಿಗೆ ಊಟವಿಲ್ಲ.

ಎಲೆ ಹಳದಿ, ಕೆಂಪು, ಮುದುಡು

ಎಲೆಯ ಅಂಚು ಮೊದಲು ಹಳದಿಯಾಗಿ, ಆಮೇಲೆ ಕೆಂಪಾಗಿ, ಕೆಳಮುಖವಾಗಿ ಬಾಗಿದೆಯಾ? ಎಲೆ ತಿರುಗಿಸಿ. ತಿಳಿ ಹಸಿರಿನ ಸಣ್ಣ ಹುಳುಗಳು ಅಡ್ಡಡ್ಡವಾಗಿ ಓಡಿದರೆ ಅದು ಹಸಿರು ಜಿಗಿಹುಳು. ಈ ಅಡ್ಡ ನಡಿಗೆ ಅದರ ಖಚಿತ ಗುರುತು. ಎಲೆಗೆ ಸರಾಸರಿ 2 ಮರಿ ಸಿಕ್ಕರೆ ಕ್ರಮ ಕೈಗೊಳ್ಳುವ ಹೊತ್ತು ಬಂತು ಎಂದರ್ಥ.

ಕೆಂಪು ಇದೆ, ಆದರೆ ನರಗಳು ಹಸಿರಾಗಿಯೇ ಉಳಿದಿವೆ, ಕೆಳಗಿನ ಹಳೆಯ ಎಲೆಗಳಲ್ಲೇ ಜಾಸ್ತಿ, ಎಲೆ ಅಡಿಯಲ್ಲಿ ಹುಳುವೇ ಇಲ್ಲ. ಇದು ಮೆಗ್ನೀಸಿಯಂ ಕೊರತೆ. ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಬೆರೆಸಿ ಸಿಂಪಡಿಸಬೇಕು. ಕಾಯಿ ತುಂಬುವ ಹೊತ್ತಲ್ಲಿ ರಾತ್ರಿ ಚಳಿ ಬಿದ್ದರೂ, ನೀರು ನಿಂತರೂ ಎಲೆ ಕೆಂಪಾಗುತ್ತದೆ. ಇಲ್ಲೆಲ್ಲಾ ಕೀಟನಾಶಕ ಹೊಡೆದರೆ ಹಣವೂ ಹೋಯಿತು, ಮಿತ್ರ ಕೀಟವೂ ಹೋಯಿತು.

ಎಲೆ ಮೇಲ್ಮುಖವಾಗಿ ಬಟ್ಟಲಿನಂತೆ ಮುದುಡಿ, ಅಡಿಭಾಗ ಬೆಳ್ಳಿ ಬಳಿದಂತೆ ಹೊಳೆಯುತ್ತಿದ್ದರೆ ಥ್ರಿಪ್ಸ್. ಬರಿಗಣ್ಣಿಗೆ ಸಿಗುವುದು ಕಷ್ಟ. ಎಲೆಯನ್ನು ಬಿಳಿ ತಟ್ಟೆಗೆ ಕೊಡವಿದರೆ ಹಳದಿ ಅಥವಾ ಕಂದು ಗೀರುಗಳಂಥ ಹುಳು ಓಡಾಡುತ್ತವೆ. ಮಳೆ ಕೈಕೊಟ್ಟು ಒಣ ಹವೆ ಬಂದಾಗ ಇವು ಏರುತ್ತವೆ, ಒಂದು ಜೋರು ಮಳೆ ಬಂದರೆ ಬಹುಪಾಲು ತೊಳೆದು ಹೋಗುತ್ತವೆ. ಎಲೆಗೆ 10 ದಾಟುವವರೆಗೆ ಕಾಯಬಹುದು. ಮಳೆ ಹತ್ತಿರದಲ್ಲಿದ್ದರೆ ಕಾಯಲೇಬೇಕು ಎನ್ನುವವನು ನಾನು.

ಸಣ್ಣ ಬಲೆ, ಎಲೆ ಮೇಲೆ ಚುಕ್ಕೆ ಚುಕ್ಕೆ ಕಂಡರೆ ಅದು ಕೆಂಪು ನುಸಿ. ನುಸಿ ಕೀಟವಲ್ಲ, ಎಂಟು ಕಾಲಿನ ಜೀವಿ. ಮಾಮೂಲಿ ಕೀಟನಾಶಕಗಳಲ್ಲಿ ಹಲವು ಅದಕ್ಕೆ ತಾಗುವುದೇ ಇಲ್ಲ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದರೆ ನುಸಿಯನ್ನು ತಿನ್ನುವ ಜೀವಿಗಳು ಸತ್ತು ನುಸಿ ಇನ್ನೂ ಏರುತ್ತದೆ.

ಇನ್ನೊಂದು ಗುರುತನ್ನು ಮಾತ್ರ ಯಾರೂ ಮರೆಯಬಾರದು. ಎಳೆ ಎಲೆಗಳು ಬೆರಳಿನಂತೆ ಸಪೂರವಾಗಿ, ಬೆಂಡೆ ಎಲೆಯಂತೆ ಸೀಳಿ, ನರಗಳು ಒತ್ತೊತ್ತಾಗಿ ಬಂದಿವೆಯಾ? ಹುಳು ಹುಡುಕಬೇಡಿ. ಅದು 2,4-ಡಿ ಕಳೆನಾಶಕದ ಹೊಡೆತ. ಹತ್ತಿಗೆ ಈ ಕಳೆನಾಶಕ ಸ್ವಲ್ಪವೂ ಆಗಿಬರುವುದಿಲ್ಲ. ಪಕ್ಕದ ಜೋಳದ ಅಥವಾ ಕಬ್ಬಿನ ಹೊಲದಿಂದ ಗಾಳಿಗೆ ತೇಲಿ ಬಂದಿರಬಹುದು, ಇಲ್ಲವೇ ಕಳೆನಾಶಕ ಹೊಡೆದ ಪಂಪಿನಲ್ಲೇ ಹತ್ತಿಗೂ ಹೊಡೆದಿರಬಹುದು. ಕಳೆನಾಶಕಕ್ಕೆ ಪಂಪು ಬೇರೆಯೇ ಇರಬೇಕು. ಎರಡು ಸಲ ತೊಳೆದಿದ್ದೇನೆ ಎಂಬ ಧೈರ್ಯ ಇಲ್ಲಿ ಸಾಲದು.

ಎಲೆ ಅಂಟಂಟು, ಮೇಲೆ ಕಪ್ಪು ಮಸಿ

ಎಲೆ ಮುಟ್ಟಿದರೆ ಬೆರಳಿಗೆ ಅಂಟುತ್ತದೆ, ಕೆಲವು ದಿನಕ್ಕೆ ಅದರ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ರಸ ಹೀರುವ ಕೀಟ ಹೊರಹಾಕುವ ಸಿಹಿ ಅಂಟು ಅದು. ಹಾಗಾದರೆ ಯಾವ ಕೀಟ? ಅಂಟು ಬಿದ್ದ ಎಲೆಯನ್ನೇ ನೋಡುತ್ತಾ ನಿಂತರೆ ಸಿಗುವುದಿಲ್ಲ, ಅದರ ಮೇಲಿರುವ ಎಲೆಯ ಅಡಿಭಾಗ ನೋಡಿ.

ಗಿಡ ಅಲ್ಲಾಡಿಸಿದಾಗ ಬಿಳಿ ಪುಡಿಯಂತೆ ಎದ್ದು ಹಾರಿ ಮತ್ತೆ ಕೂತರೆ ಬಿಳಿನೊಣ. ಅಲುಗದೆ ಗುಂಪಾಗಿ ಕೂತಿರುವ ಹಳದಿ, ಹಸಿರು ಅಥವಾ ಕಪ್ಪು ಮೆತ್ತನೆಯ ಹುಳುಗಳಾದರೆ ಹೇನು. ಕಾಂಡಕ್ಕೆ ಹಿಟ್ಟು ಮೆತ್ತಿದಂತೆ ಇದ್ದರೆ ಹಿಟ್ಟು ತಿಗಣೆ. ಹೇನು ಮತ್ತು ಹಿಟ್ಟು ತಿಗಣೆ ಇದ್ದ ಕಡೆ ಇರುವೆ ಸಾಲು ಇದ್ದೇ ಇರುತ್ತದೆ. ಇರುವೆಗಳು ಅಂಟಿನ ಆಸೆಗೆ ಬಂದು, ಹೇನು ತಿನ್ನುವ ಹುಳುಗಳನ್ನೂ ಓಡಿಸುತ್ತವೆ. ಇರುವೆ ಸಾಲು ಹಿಡಿದು ಹೋದರೆ ಕೀಟದ ಗೂಡು ಬೇಗ ಸಿಗುತ್ತದೆ.

ಹೇನಿಗೆ ಅವಸರ ಬೇಡ. 100 ಗಿಡದಲ್ಲಿ 15-20 ಗಿಡಕ್ಕೆ ಹತ್ತಿದ್ದರೆ ಮಾತ್ರ ಯೋಚಿಸಿ. ಆಗಲೂ ಗುಂಪಿನ ನಡುವೆ ಉಬ್ಬಿದ, ಕಂದು ಅಥವಾ ಹೊಂಬಣ್ಣದ ಸತ್ತ ಹೇನುಗಳಿವೆಯಾ ನೋಡಿ. ಅವುಗಳ ಒಳಗೆ ಪರತಂತ್ರ ಕಣಜದ ಮರಿ ಬೆಳೆಯುತ್ತಿರುತ್ತದೆ. ಅಂಥವು ಜಾಸ್ತಿ ಇದ್ದರೆ ಹೇನು ಕೊಲ್ಲುವ ಕೆಲಸವನ್ನು ಕಣಜ ಆಗಲೇ ಶುರುಮಾಡಿದೆ. ಕಪ್ಪು ಮೈಗೆ ಕಿತ್ತಳೆ ಚುಕ್ಕೆಯ, ಮೊಸಳೆಯಂಥ ಒಂದು ಪುಟ್ಟ ಹುಳು ಕಂಡರೆ ಹೆದರಿ ಹೊಸಕಬೇಡಿ. ಅದು ಗುಲಗಂಜಿ ಹುಳುವಿನ ಮರಿ, ದೊಡ್ಡದಕ್ಕಿಂತ ಮರಿಯೇ ಹೇನಿನ ದೊಡ್ಡ ಶತ್ರು.

ಬಿಳಿನೊಣ ಹಾಗಲ್ಲ, ಅದಕ್ಕೆ ತಾಳ್ಮೆಯ ಲೆಕ್ಕ ಬೇಕು. ಎಲೆಗೆ ಸರಾಸರಿ 8-10 ದೊಡ್ಡ ನೊಣ ಸಿಕ್ಕರೆ ಅದು ಮಿತಿ. ಆದರೆ ಹಾರುವ ನೊಣ ಮಾತ್ರ ಎಣಿಸಿದರೆ ಅರ್ಧ ಚಿತ್ರ. ಮರಿಗಳು ಎಲೆ ಅಡಿಗೆ ಹುರುಪೆಯಂತೆ ಅಂಟಿಕೊಂಡು ಅಲ್ಲಾಡದೆ ಇರುತ್ತವೆ. ದೊಡ್ಡ ನೊಣ ಕೊಲ್ಲುವ ಔಷಧಿ ಹೊಡೆದ ವಾರಕ್ಕೇ ಮತ್ತೆ ಹೊಲ ತುಂಬಿದರೆ, ಹೊಸದಾಗಿ ಬಂದದ್ದಲ್ಲ, ಈ ಮರಿಗಳೇ ಬೆಳೆದದ್ದು. ಮರಿಗಳು ಹೆಚ್ಚಿದ್ದರೆ ಪೈರಿಪ್ರಾಕ್ಸಿಫೆನ್, ಸ್ಪೈರೊಮೆಸಿಫೆನ್‌ನಂಥ, ಮರಿಯ ಹಂತದ ಮೇಲೆ ಕೆಲಸ ಮಾಡುವ ಔಷಧಿ ಬೇಕು. ಇವು ಹೊಡೆದ ಮರುದಿನ ಫಲ ತೋರಿಸುವುದಿಲ್ಲ. ಬಿಳಿನೊಣ ಇರುವಾಗ ಪೈರೆಥ್ರಾಯ್ಡ್ ಹೊಡೆಯುವುದು ಬೇಡವೇ ಬೇಡ, ಅದು ನೊಣವನ್ನು ಇನ್ನೂ ಏರಿಸುತ್ತದೆ. ಎಲೆಯ ನರ ದಪ್ಪವಾಗಿ ಎಲೆ ಸುರುಟಿಕೊಂಡಿದ್ದರೆ ನೊಣ ತಂದ ಎಲೆ ಮುರುಟು ವೈರಸ್ ಇರಬಹುದು. ಆ ಗಿಡ ಔಷಧಿಯಿಂದ ವಾಸಿಯಾಗುವುದಿಲ್ಲ.

ಹಿಟ್ಟು ತಿಗಣೆ ಒಂದೆರಡು ಗಿಡದಲ್ಲಿ ಕಂಡಾಗಲೇ ಹಿಡಿಯಬೇಕು. ಮೈಮೇಲಿನ ಮೇಣದ ಹಿಟ್ಟು ಔಷಧಿಯನ್ನು ಒಳಗೆ ಬಿಡುವುದಿಲ್ಲ. ಹತ್ತಿದ ಟೊಂಗೆಯನ್ನು ಚೀಲದೊಳಗೆ ಹಾಕಿ, ಹೊಲದಲ್ಲಿ ಎಳೆದಾಡದೆ ಹೊರಗೆ ಒಯ್ದು ಸುಡಿ. ಬದುವಿನ ಕಾಂಗ್ರೆಸ್ ಕಳೆಯನ್ನೂ ನೋಡಿ, ಬಹಳ ಸಲ ಬೇರು ಅಲ್ಲೇ ಇರುತ್ತದೆ.

ಒಂದು ಮಾತು ಎಲ್ಲ ರಸಹೀರುಕಗಳಿಗೂ ಸೇರಿದ್ದು. ಯೂರಿಯಾ ಜಾಸ್ತಿ ಹಾಕಿ ಗಿಡ ಕಡು ಹಸಿರಾಗಿ ಮೆತ್ತಗೆ ಬೆಳೆದರೆ ಇವೆಲ್ಲಾ ಅಲ್ಲೇ ಮೊದಲು ಬರುತ್ತವೆ. ಮತ್ತೆ ಮತ್ತೆ ಬರುತ್ತಿದ್ದರೆ ಗೊಬ್ಬರದ ಲೆಕ್ಕವನ್ನೂ ಒಮ್ಮೆ ತೆಗೆದು ನೋಡಿ.

ಮೊಗ್ಗು, ಎಳೆಕಾಯಿ ಉದುರುತ್ತಿದೆ

ರೈತರು ಹೆಚ್ಚು ಗಾಬರಿಯಾಗುವುದು ಇಲ್ಲಿ. ಗೊತ್ತಿರಲಿ, ಚೆನ್ನಾಗಿ ಬೆಳೆದ ಹತ್ತಿ ಗಿಡವೂ ತಾನು ಬಿಟ್ಟ ಮೊಗ್ಗು ಮತ್ತು ಎಳೆಕಾಯಿಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಉದುರಿಸುತ್ತದೆ. ಅದು ಗಿಡದ ಸ್ವಭಾವ. ಮೋಡ ಕವಿದ ದಿನಗಳು, ನೀರಿನ ಕೊರತೆ, ನೀರು ನಿಲ್ಲುವುದು ಇವೆಲ್ಲ ಉದುರುವುದನ್ನು ಇನ್ನೂ ಹೆಚ್ಚಿಸುತ್ತವೆ.

ಹಾಗಾಗಿ ನೆಲದ ಮೇಲೆ ಬಿದ್ದ ಮೊಗ್ಗುಗಳನ್ನು ಆರಿಸಿ. ಒಂದು ಹಿಡಿ ಸಾಕು. ಸುಮ್ನೆ ನೋಡಿ ಎಸೆಯಬೇಡಿ, ಒಂದೊಂದನ್ನೂ ಚಾಕುವಿನಿಂದ ಸೀಳಿ.

ಎಲ್ಲೂ ತೂತಿಲ್ಲ, ಒಳಗೆ ಸ್ವಚ್ಛವಾಗಿದೆ. ಇದು ಗಿಡ ತಾನಾಗಿ ಉದುರಿಸಿದ್ದು. ನೀರು, ಗೊಬ್ಬರ, ಹವಾಮಾನದ ಕಡೆ ನೋಡಿ.

ತೂತಿದೆ, ಹಿಕ್ಕೆ ಇದೆ, ಮೊಗ್ಗಿನ ಸುತ್ತಲಿನ ಮೂರು ಹಸಿರು ಎಸಳು ಅಗಲಕ್ಕೆ ಬಿಚ್ಚಿಕೊಂಡಿವೆ. ಇದು ಕಾಯಿಕೊರಕ. ಕೊರೆದ ಮೊಗ್ಗು ಕೂಡಲೇ ಉದುರುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ನೆಲದ ಮೇಲಿನ ಮೊಗ್ಗು ಹೇಳುವುದು ಕಳೆದ ವಾರದ ಕತೆ. ಇವತ್ತಿನ ಕತೆಗೆ ಗಿಡದ ಮೇಲಿನ ಮೊಗ್ಗನ್ನೇ ನೋಡಬೇಕು.

ತೂತಿಲ್ಲ, ಆದರೆ ಸೀಳಿದರೆ ಒಳಗಿನ ಕೇಸರಗಳು ಕಂದಾಗಿ ಸುಟ್ಟಂತಿವೆ. ಎಳೆಕಾಯಿಗಳ ಮೇಲೆ ಸೂಜಿ ಚುಚ್ಚಿದಂಥ ಕಪ್ಪು ಚುಕ್ಕೆಗಳಿವೆ, ಬೆಳೆದ ಕಾಯಿ ಗಿಳಿಯ ಕೊಕ್ಕಿನಂತೆ ವಕ್ರವಾಗಿದೆ. ಇದು ಮಿರಿಡ್ ತಿಗಣೆ. ಚುರುಕಾದ ಹುಳು, ಮನುಷ್ಯ ಹತ್ತಿರ ಬಂದರೆ ಎಲೆ ಮರೆಗೆ ಜಾರುತ್ತದೆ. ಬೆಳಿಗ್ಗೆ ಸಾಲಿನ ನಡುವೆ ಬಿಳಿ ಬಟ್ಟೆ ಹಾಸಿ ಗಿಡವನ್ನು ಅದರ ಮೇಲೆ ಬಾಗಿಸಿ ಬಡಿಯಿರಿ, ಆಗ ಸಿಕ್ಕಿಬೀಳುತ್ತದೆ. ಕಾಯಿಕೊರಕ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಜೀನ್ ಸೇರಿಸಿದ ಬಿಟಿ ಹತ್ತಿ ಬಂದ ಮೇಲೆ ಕಾಯಿಕೊರಕದ ಸಿಂಪರಣೆಗಳು ಕಡಿಮೆಯಾದವು. ಆ ಔಷಧಿಗಳಲ್ಲಿ ಜೊತೆಗೇ ಸಾಯುತ್ತಿದ್ದ ಇಂಥ ತಿಗಣೆಗಳು ಈಗ ತಲೆ ಎತ್ತಿವೆ. ಬಿಟಿ ಹಾಕಿದ್ದೇನೆ, ಮೊಗ್ಗು ಏಕೆ ಉದುರಬೇಕು ಎನ್ನುವವರು ಇದನ್ನು ಖಂಡಿತ ಪರೀಕ್ಷಿಸಬೇಕು. ನಮ್ಮಲ್ಲಿ ಬೆಳೆಯುವ ಬಿಟಿಯ ವಿಷ ರಸಹೀರುವ ಕೀಟಗಳಿಗೆ ತಾಗುವುದಿಲ್ಲ.

ಇನ್ನು ಎಳೆ ಗಿಡದ ಕುಡಿಯೇ ಬಾಡಿ ಜೋತುಬಿದ್ದಿದ್ದರೆ ಕುಡಿ ಸೀಳಿ. ಒಳಗೆ ಹುಳು ಇದ್ದರೆ ಅದು ಚುಕ್ಕೆ ಕಾಯಿಕೊರಕ. ಕುಡಿ ಚಿವುಟಿ ನಾಶ ಮಾಡಿದರೆ ಸಾಕಾಗುತ್ತದೆ.

ಕಾಯಿಯೊಳಗೆ ಹುಳು

ಕಾಯಿಯ ಮೇಲೆ ದೊಡ್ಡ ದುಂಡು ತೂತು, ತೂತಿನ ಹೊರಗೆ ಹಿಕ್ಕೆಯ ರಾಶಿ, ತಲೆ ಒಳಗೆ ಮೈ ಹೊರಗೆ ಇಟ್ಟುಕೊಂಡು ತಿನ್ನುವ ಹುಳು. ಇದು ಅಮೆರಿಕನ್ ಕಾಯಿಕೊರಕ. ಒಂದು ಕಾಯಿಯಿಂದ ಇನ್ನೊಂದಕ್ಕೆ ಹೋಗುವ ಕಾರಣ ಹೊರಗಡೆ ಸಿಗುತ್ತದೆ, ಔಷಧಿಗೂ ಸಿಗುತ್ತದೆ. ಗಿಡಕ್ಕೊಂದು ಹುಳು ಸಿಕ್ಕರೆ ಹೊಡೆಯಬೇಕಾದ ಮಟ್ಟ. ಹುಳುವಿಗೆ ರೋಗ ತಂದು ಕೊಲ್ಲುವ ಎನ್‌ಪಿವಿ ವೈರಸ್ ದ್ರಾವಣ ಬಳಸುವುದಾದರೆ ಸಂಜೆಯೇ ಸಿಂಪಡಿಸಿ. ಬಿಸಿಲಿನ ನೇರಳಾತೀತ ಕಿರಣ ಅದನ್ನು ಹಾಳು ಮಾಡುತ್ತದೆ. ಸಣ್ಣ ಹುಳುಗಳಿಗೆ ಅದು ಚೆನ್ನಾಗಿ ತಗಲುತ್ತದೆ, ಬಲಿತ ಹುಳುವಿಗೆ ಅಷ್ಟಾಗಿ ಇಲ್ಲ.

ಎಲೆಗಳನ್ನು ಜಾಲರಿಯಂತೆ ಮಾಡಿ, ಆಮೇಲೆ ಕಾಯಿಗೂ ಬಾಯಿ ಹಾಕಿದ್ದರೆ ಅದು ಸ್ಪೊಡಾಪ್ಟೆರಾ. ಎಲೆ ಅಡಿ ಕಂದು ರೋಮ ಹೊದ್ದ ಮೊಟ್ಟೆ ಗುಂಪು ಇರುತ್ತದೆ. ಆ ಎಲೆಯನ್ನೇ ಕಿತ್ತು ನಾಶ ಮಾಡಿದರೆ ನೂರಾರು ಹುಳು ಒಟ್ಟಿಗೆ ಹೋಗುತ್ತವೆ.

ಹೊರಗಿನಿಂದ ಕಾಯಿ ಚೆನ್ನಾಗಿದೆ, ಆದರೆ ಬಿಡಿಸುವಾಗ ತೊಳೆ ಸರಿಯಾಗಿ ಅರಳಿಲ್ಲ, ಅರಳೆ ಹಳದಿಯಾಗಿ ಕಲೆಯಾಗಿದೆ, ಎರಡು ಬೀಜ ಒಂದಕ್ಕೊಂದು ಅಂಟಿಕೊಂಡಿವೆ. ಇದು ಗುಲಾಬಿ ಕಾಯಿಕೊರಕ. ನನ್ನ ಮಟ್ಟಿಗೆ ಹತ್ತಿಯ ಕೀಟಗಳಲ್ಲೆಲ್ಲಾ ಇದೇ ಕಪಟಿ. ಮೊಟ್ಟೆಯೊಡೆದ ಕೆಲವೇ ತಾಸಿನಲ್ಲಿ ಮರಿಹುಳು ಕಾಯಿಯೊಳಗೆ ಸೇರುತ್ತದೆ. ಹೋದ ತೂತು ಮುಚ್ಚಿಕೊಂಡುಬಿಡುತ್ತದೆ. ಆಮೇಲೆ ಎಷ್ಟು ಹೊಡೆದರೂ ಒಳಗಿನ ಹುಳುವಿಗೆ ಮುಟ್ಟುವುದಿಲ್ಲ. ಹೊರಗೆ ಕಾಣುವ ಸಣ್ಣ ದುಂಡು ತೂತು ಹುಳು ಒಳಹೋದದ್ದಲ್ಲ, ತಿಂದು ಮುಗಿಸಿ ಹೊರಬಂದದ್ದು.

ಹಾಗಾಗಿ ಇದನ್ನು ಮುಂಚೆಯೇ ಹಿಡಿಯಬೇಕು. ಅದಕ್ಕೆ ಮೂರು ಪರೀಕ್ಷೆ ಇವೆ, ಮೂರನ್ನೂ ಮಾಡಿ.

ಮೊದಲನೆಯದು ಹೂ. ಅರಳದೆ, ಎಸಳುಗಳು ತುದಿಯಲ್ಲಿ ಅಂಟಿಕೊಂಡು ಗುಲಾಬಿ ಮೊಗ್ಗಿನಂತೆ ಸುತ್ತಿಕೊಂಡ ಹೂ ಕಂಡರೆ ಬಿಚ್ಚಿ ನೋಡಿ, ಒಳಗೆ ಹುಳು ಇರುತ್ತದೆ. 100 ಹೂವಿನಲ್ಲಿ ಇಂಥವು 10 ಇದ್ದರೆ ಮಿತಿ ಮುಟ್ಟಿದೆ. ಇವನ್ನು ಕಿತ್ತು ಹೊಲದಲ್ಲೇ ಎಸೆಯದೆ ನಾಶ ಮಾಡಿ.

ಎರಡನೆಯದು ಮೋಹಕ ಬಲೆ, ಅಂದರೆ ಹೆಣ್ಣು ಪತಂಗದ ವಾಸನೆಯ ಗುಳಿಗೆ (ಲ್ಯೂರ್) ಇಟ್ಟು ಗಂಡು ಪತಂಗ ಹಿಡಿಯುವ ಬಲೆ. ಎಕರೆಗೆ 2 ಬಲೆ, ಗಿಡದ ತುದಿಗಿಂತ ಸ್ವಲ್ಪ ಮೇಲೆ. ಗಿಡ ಬೆಳೆದಂತೆ ಬಲೆಯನ್ನೂ ಏರಿಸಬೇಕು. ಸತತ 3 ರಾತ್ರಿ, ರಾತ್ರಿಗೆ ಬಲೆಗೆ 8ರಂತೆ ಪತಂಗ ಬಿದ್ದರೆ ಎಚ್ಚರಿಕೆ. ಬಲೆ ಖಾಲಿ ಇದೆ ಅಂದರೆ ಹುಳು ಇಲ್ಲ ಎಂದು ನಂಬುವ ಮುಂಚೆ ಲ್ಯೂರ್ ನೋಡಿ. ಅಮೆರಿಕನ್ ಕಾಯಿಕೊರಕದ ಲ್ಯೂರಿಗೆ ಗುಲಾಬಿ ಪತಂಗ ಬರುವುದಿಲ್ಲ. ತಿಂಗಳು ದಾಟಿದ ಲ್ಯೂರಿಗೆ ವಾಸನೆ ಉಳಿದಿರುವುದಿಲ್ಲ. ಔಷಧಿ ಮುಟ್ಟಿದ ಕೈಯಲ್ಲಿ ಹಾಕಿದ್ದರೂ ಕೆಡುತ್ತದೆ.

ಮೂರನೆಯದು, ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು, ಕಾಯಿ ಸೀಳುವುದು. ಬೆರಳಲ್ಲಿ ಒತ್ತಿದರೆ ಸ್ವಲ್ಪ ಮೆತ್ತಗಿರುವ, ಹೂವಾಗಿ ಎರಡು ಮೂರು ವಾರವಾದ ಹಸಿರು ಕಾಯಿಗಳನ್ನು 20 ಗಿಡದಿಂದ ಒಂದೊಂದು ಕಿತ್ತು ಸೀಳಿ. ಎಳೆಯ ಹುಳು ಗುಲಾಬಿ ಬಣ್ಣದ್ದಲ್ಲ, ಬಿಳಿ ಮೈ, ಕಪ್ಪು ತಲೆ. ಬಲಿತ ಮೇಲೆ ಗುಲಾಬಿ ಪಟ್ಟೆ ಬರುತ್ತದೆ. ಹುಳು ಸಿಗದಿದ್ದರೂ ಕಾಯಿಯ ಒಳಗೋಡೆಯಲ್ಲಿ ನರಹುಲಿಯಂಥ ಸಣ್ಣ ಉಬ್ಬು ಇದೆಯಾ ನೋಡಿ. ಹುಳು ಅಲ್ಲಿಂದ ಒಳಬಂದಿದೆ ಎಂಬುದಕ್ಕೆ ಅದೇ ಸಾಕ್ಷಿ. 20ರಲ್ಲಿ 2 ಕಾಯಿಯಲ್ಲಿ ಜೀವಂತ ಹುಳು ಸಿಕ್ಕರೆ ಇನ್ನು ತಡಮಾಡಬಾರದು.

ಹೊಡೆದರೂ ಸಾಯುತ್ತಿಲ್ಲ

ಔಷಧಿ ನಕಲಿ ಎಂದು ಮೊದಲೇ ಬೈಯುವುದು ಬೇಡ. ಅದೂ ಇರಬಹುದು, ಆದರೆ ಅದಕ್ಕೂ ಮುಂಚೆ ನೋಡಬೇಕಾದ್ದು ಇದೆ.

ಔಷಧಿ ಎಲೆಯ ಅಡಿ ಮುಟ್ಟಿತಾ? ಬಿಳಿ ಕಾಗದದ ಚೂರುಗಳನ್ನು ನಡುವಿನ ಎಲೆಗಳ ಅಡಿಗೆ ಪಿನ್ ಮಾಡಿ, ಬರೀ ನೀರು ಹೊಡೆದು ನೋಡಿ. ಕಾಗದ ಒಣಗಿಯೇ ಇದ್ದರೆ ನಿಮ್ಮ ಔಷಧಿಯೂ ಅಲ್ಲಿಗೆ ಹೋಗಿಲ್ಲ. ಕೀಟನಾಶಕಕ್ಕೆ ಶಂಕುವಿನಾಕಾರದಲ್ಲಿ ಸಣ್ಣ ಹನಿ ಚಿಮ್ಮುವ ನಾಜಲ್ ಬೇಕು. ಕಳೆನಾಶಕದ ಚಪ್ಪಟೆ ನಾಜಲ್ ಇಲ್ಲಿ ಸಲ್ಲದು. ಕೆಸರು ನೀರು, ತೀರಾ ಸವಳು ನೀರು ಕೆಲವು ಔಷಧಿಯ ಬಲ ಕುಗ್ಗಿಸುತ್ತವೆ. ಹೊಡೆದ ಬೆನ್ನಿಗೇ ಮಳೆ ಬಂತಾ ಎನ್ನುವುದನ್ನೂ ನೆನಪು ಮಾಡಿಕೊಳ್ಳಿ.

ಇದೆಲ್ಲ ಸರಿ ಇದ್ದರೆ ಹಿಂದಿನ ಖಾಲಿ ಬಾಟಲಿಗಳ ಲೇಬಲ್ ಓದಿ. ದೊಡ್ಡ ಅಕ್ಷರದ ಬ್ರ್ಯಾಂಡ್ ಹೆಸರಲ್ಲ, ಅದರ ಕೆಳಗಿನ ರಾಸಾಯನಿಕದ ಹೆಸರು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಮಿಪ್ರಿಡ್ ಮೂರೂ ಒಂದೇ ಗುಂಪು. ಮೂರು ಬೇರೆ ಬಾಟಲಿ ಹೊಡೆದರೂ ಹುಳುವಿನ ಪಾಲಿಗೆ ಅದು ಒಂದೇ ಏಟು. ಹತ್ತಿ ಬೀಜಕ್ಕೆ ಬಹುಮಟ್ಟಿಗೆ ಇದೇ ಗುಂಪಿನ ಔಷಧಿ ಲೇಪಿಸಿರುತ್ತಾರೆ ಎನ್ನುವುದನ್ನು ಮರೆಯುವಂತಿಲ್ಲ. ಆ ಲೇಪ ಮೊದಲ ಒಂದು ತಿಂಗಳಷ್ಟು ಗಿಡ ಕಾಯುತ್ತದೆ. ಆ ಅವಧಿಯಲ್ಲಿ ಸಿಂಪರಣೆಯ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಆಮೇಲೆ ಹೊಡೆಯುವ ಮೊದಲ ಔಷಧಿ ಬೇರೆ ಗುಂಪಿನದಿರಲಿ. ಕೀಟ ಮಿತಿ ಮುಟ್ಟದಿದ್ದರೆ 5 ಪರ್ಸೆಂಟ್ ಬೇವಿನ ಬೀಜದ ಕಷಾಯ ಸಾಕು. 5 ಕೆಜಿ ಬೀಜದ ತಿರುಳಿಗೆ 100 ಲೀಟರ್ ನೀರಿನ ಲೆಕ್ಕ.

ಎರಡು ಮೂರು ಕೀಟನಾಶಕ ಒಂದೇ ಡಬ್ಬದಲ್ಲಿ ಬೆರೆಸಿ ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ. ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ, ಹೊಡೆಯುವವರ ಜೀವಕ್ಕೂ ಅಪಾಯ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷ ಏರಿ ಸುಮಾರು 20 ಜನ ಸತ್ತರು. ಗಿಡ ಆಳೆತ್ತರ ಆಗಿದ್ದರೆ ಸಿಂಪರಣೆ ಮುಖದ ಮೇಲೇ ಬೀಳುತ್ತದೆ. ಮೈ ಮುಚ್ಚುವ ಬಟ್ಟೆ, ಮಾಸ್ಕ್, ಕೈಗವಸು ಇಲ್ಲದೆ ಆ ಹೊಲಕ್ಕೆ ಇಳಿಯಬಾರದು. ಬೆವರು, ಜೊಲ್ಲು, ಕಣ್ಣು ಮಂಜಾಗುವುದು, ವಾಂತಿ ಶುರುವಾದರೆ ಕೆಲಸ ನಿಲ್ಲಿಸಿ, ಬಟ್ಟೆ ಬಿಚ್ಚಿ ಮೈ ತೊಳೆದು, ಔಷಧಿಯ ಲೇಬಲ್ ಸಮೇತ ಆಸ್ಪತ್ರೆಗೆ ಹೋಗಿ.

ಪ್ರತಿ ಸಲ ಹೊಡೆಯುವಾಗ ಒಂದು ಸಾಲು ಬಿಟ್ಟುಬಿಡಿ. ನಾಲ್ಕೈದು ದಿನಕ್ಕೆ ಎರಡೂ ಕಡೆ ಎಣಿಸಿ. ಔಷಧಿ ಕೆಲಸ ಮಾಡಿತೋ ಇಲ್ಲವೋ ಎಂದು ಆ ಸಾಲು ಹೇಳುತ್ತದೆ, ಅಂಗಡಿಯವರನ್ನು ಕೇಳುವ ಅಗತ್ಯವಿಲ್ಲ.

ವರ್ಷವರ್ಷವೂ ಗುಲಾಬಿ ಹುಳು

ಒಂದೇ ಹೊಲಕ್ಕೆ ಪ್ರತಿ ವರ್ಷ ಬರುತ್ತಿದ್ದರೆ ದೋಷ ಈ ಹಂಗಾಮಿನದ್ದಲ್ಲ, ಹಿಂದಿನ ಹಂಗಾಮು ಮುಗಿಸಿದ ರೀತಿಯದ್ದು. ಭಾರತದಲ್ಲಿ ಬಿಟಿ ಹತ್ತಿ 2002ರಲ್ಲಿ ಬಂತು, ಎರಡು ಜೀನ್ ಇರುವುದು 2006ರಲ್ಲಿ. ಗುಲಾಬಿ ಹುಳು ಎರಡನ್ನೂ ತಡೆದುಕೊಳ್ಳುವ ಶಕ್ತಿ ಬೆಳೆಸಿಕೊಂಡಿತು. ಆ ಶಕ್ತಿ ಇಲ್ಲದ ಹುಳುಗಳೂ ಉಳಿಯಲಿ ಎಂದು ಹಾಕುವ, ಬಿಟಿಯಲ್ಲದ ಆಸರೆ ಸಾಲುಗಳನ್ನು ಹಾಕದೆ ಬಿಟ್ಟದ್ದು, ಬೆಳೆಯನ್ನು ತಿಂಗಳುಗಟ್ಟಲೆ ಎಳೆದದ್ದು ಇದಕ್ಕೆ ದೊಡ್ಡ ಕಾರಣ. ಅಮೆರಿಕದಲ್ಲಿ ಬಿಟಿಯ ಜೊತೆಗೆ ಸಂತಾನಶಕ್ತಿ ಕಳೆದ ಪತಂಗಗಳನ್ನು ಬಿಟ್ಟು, ಮೋಹಕಗಳನ್ನು ಬಳಸಿ, ಬೆಳೆ ಮುಗಿದ ಕೂಡಲೇ ಹೊಲ ಉತ್ತು, 2018ರಲ್ಲಿ ಈ ಹುಳು ನಿರ್ಮೂಲವಾಯಿತು ಎಂದು ಸರ್ಕಾರವೇ ಘೋಷಿಸಿತು. ಬೀಜ ಒಂದನ್ನೇ ನಂಬಿ ಅವರು ಕೂರಲಿಲ್ಲ.

ಗುಲಾಬಿ ಹುಳುವಿಗೆ ಹತ್ತಿ ಬಿಟ್ಟರೆ ಬದುಕಲು ಬೇರೆ ಬೆಳೆ ಬಹಳ ಕಡಿಮೆ. ಹೊಲದಲ್ಲಿ ಹತ್ತಿ ಇಲ್ಲದ ಕೆಲವು ತಿಂಗಳು ಅದಕ್ಕೆ ಉಪವಾಸ. ಅದನ್ನು ನಾವೇ ತಪ್ಪಿಸುತ್ತೇವೆ. ಇನ್ನೊಂದು ಬಿಡಿಸಿಗೆ ಆಗುತ್ತದೆ ಎಂದು ನೀರು ಹಾಯಿಸಿ ಕೂಳೆ ಉಳಿಸುತ್ತೇವೆ. ಕೊನೆಯ ಆ ಹತ್ತಿಯ ಗುಣವೂ ಅಷ್ಟಕ್ಕಷ್ಟೆ, ಹುಳುವಿಗೆ ಮಾತ್ರ ಅದು ಸುಗ್ಗಿ. ಸಮಯಕ್ಕೆ ಬೆಳೆ ಮುಗಿಸಿ. ಉಳಿದ ಅರಳದ ಕಾಯಿಗಳನ್ನು ಕುರಿ, ದನ ಬಿಟ್ಟು ಮೇಯಿಸಿ. ಗಿಡ ಬೇರು ಸಮೇತ ಕಿತ್ತು ಚೂರು ಮಾಡಿ ಗೊಬ್ಬರಕ್ಕೆ ಹಾಕಿ. ಹತ್ತಿ ಕಟ್ಟಿಗೆಯನ್ನು ಬದುವಿನ ಮೇಲೆ ಒಟ್ಟಿ ಇಟ್ಟರೆ, ಅದರಲ್ಲಿರುವ ಒಣ ಕಾಯಿಯೊಳಗೆ ಹುಳು ಮುಂದಿನ ಬಿತ್ತನೆಯವರೆಗೂ ನಿದ್ದೆಯಲ್ಲಿರುತ್ತದೆ. ಬಿಡಿಸಿದ ಹತ್ತಿಯನ್ನು ಮನೆಯಲ್ಲಿ ಬಹಳ ದಿನ ಕೂಡಿಟ್ಟರೂ ಹೀಗೇ. ಹತ್ತಿ ಕೂಡಿಡುವ ಜಾಗ ಮತ್ತು ಜಿನ್ನಿಂಗ್ ಮಿಲ್ಲಿನ ಸುತ್ತಲಿನ ಹೊಲಗಳಲ್ಲಿ ಮೊದಲು ಹುಳು ಕಾಣುವುದು ಇದೇ ಕಾರಣಕ್ಕೆ. ಅಂಥ ಕಡೆ ಬೆಳೆ ಇಲ್ಲದಾಗಲೂ ಮೋಹಕ ಬಲೆ ಕಟ್ಟಬೇಕು. ಮುಂದಿನ ಹಂಗಾಮಿಗೆ ಬೇಗ ಕಾಯಿ ಬಿಟ್ಟು ಬೇಗ ಮುಗಿಯುವ ತಳಿ ಆರಿಸಿ, ಅಕ್ಕಪಕ್ಕದ ಹೊಲದವರೊಂದಿಗೆ ಮಾತಾಡಿ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಿತ್ತಿ, 45 ದಿನ ಆಗುವಷ್ಟರಲ್ಲಿ ಬಲೆ ಕಟ್ಟಿ ಮುಗಿಸಿ.